ಇಷ್ಟೊಂದು ಚಾನೆಲ್, ಪೇಪರ್ ಇರುವಾಗ ಓನರ್ ಯಾರಾದ್ರೇನು, ಅದಕ್ಕೊಂದು ಕಾನೂನು ಯಾಕೆ?

ರಿಮೋಟ್ ಒತ್ತಿದ್ರ ಹತ್ತಾರು ಕನ್ನಡ ಚಾನೆಲ್ ಬರ್ತಾವ, ಯಾರೋ ಒಬ್ರು ನಾಲ್ಕು ಕೊಂಡ್ರ ನಮಗೇನು ಅಂತ ಕೇಳೀರಿ. ನಾನು ಕೊಪ್ಪಳದಾಗ ಆರು ವರ್ಷ ಪೇಪರಿಗೆ ಸುದ್ದಿ ಕಳಿಸ್ದಾಂವ, ನನ್ನ ಕೇಳಿದ್ರ ಮೊದ್ಲು ನೋಡಬೇಕಾದ್ದು ಆ ಓನರಿಗೆ ಬ್ಯಾರೆ ಏನೇನ್ ಬಿಸಿನೆಸ್ ಅದಾವು ಅನ್ನೋದು.

ಒಮ್ಮೆ ಗಿಣಿಗೇರಾ ಕಡೆ ಒಂದು ಹೊಲಕ್ಕ ಹೋಗಿದ್ದೆ, ಫ್ಯಾಕ್ಟರಿ ಧೂಳಿನ ಸುದ್ದಿ. ಆ ರೈತರು ಮೆಣಸಿನಗಿಡದ ಎಲಿ ಮ್ಯಾಲೆ ಬೆರಳು ಎಳೆದು ತೋರ್ಸಿದ್ರು, ಬೆರಳು ಕಾಡಿಗಿ ಹಚ್ಚಿದಂಗ ಕರ್ರಗಾತು, ಎಲಿ ಮ್ಯಾಲೆ ಒಂದೇ ಒಂದು ಹಸಿರು ಗೆರಿ. ಅದನ್ನೇ ಫೋಟೋ ತಗದು ಸಂಜಿಕ ಕಳಿಸಿದೆ. ಮರುದಿನ ಬರ್ಲಿಲ್ಲ, ಆಮ್ಯಾಲೂ ಬರ್ಲಿಲ್ಲ, ಡೆಸ್ಕಿಗೆ ಫೋನ್ ಮಾಡಿದ್ರ ಜಾಗ ಇಲ್ರಿ ಅಂದ್ರು, ಅದೇ ವಾರ ಅದೇ ಫ್ಯಾಕ್ಟರಿದು ಯುಗಾದಿ ಶುಭಾಶಯದ ಅರ್ಧ ಪುಟ ಜಾಹೀರಾತು ಬಂತು. ರೈತರು ಎರಡು ಸಲ ಫೋನ್ ಮಾಡಿ ಯಾವಾಗ ಬರ್ತೈತ್ರಿ ಅಂತ ಕೇಳಿದ್ರು, ಏನಂತ ಹೇಳ್ಲಿ? ಜಾಹೀರಾತು ಕೊಡೋರಿಗೇ ಇಷ್ಟು ಮುಲಾಜಂದ್ರ, ಪೇಪರ್ ಓನರ್ರೇ ಫ್ಯಾಕ್ಟರಿ ಓನರ್ ಆದ್ರ ಆ ಹೊಲಕ್ಕ ಯಾರನ್ನಾದ್ರೂ ಕಳಿಸ್ತಾರೇನ್ರಿ?

ಈಗ ದೊಡ್ಡ ಲೆವೆಲ್ಲಿಗೆ ಬರ್ರಿ. 2014ರಾಗ ರಿಲಯನ್ಸ್, ಟಿವಿ ಚಾನೆಲ್ ನಡೆಸೋ ನೆಟ್‌ವರ್ಕ್18 ಕಂಪನಿ ತಗೊಂತು, 2022ರ ಡಿಸೆಂಬರ್‌ನಾಗ ಎನ್‌ಡಿಟಿವಿ ಅದಾನಿ ಕೈಗೆ ಹೋತು, 2024ರ ನವೆಂಬರ್‌ನಾಗ ಡಿಸ್ನಿ ಇಂಡಿಯಾದ ಸ್ಟಾರ್ ಚಾನೆಲ್‌ಗಳು ರಿಲಯನ್ಸ್ ಜೊತಿ ಒಂದಾದ್ವು. ನಮ್ಮವ್ವ ಕಲರ್ಸ್ ಕನ್ನಡ ಬಿಟ್ಟು ಸ್ಟಾರ್ ಸುವರ್ಣ ಹಚ್ಚಿದ್ರೂ ಅದೇ ಮನಿ, ನ್ಯೂಸ್18 ಕನ್ನಡನೂ ರಿಲಯನ್ಸ್‌ದೇ, ಮೊಬೈಲ್ ನೆಟ್ಟು ಜಿಯೋ, ಕೇಬಲ್‌ನಾಗ ಹಾಥ್‌ವೇ, ಡೆನ್ ಎರಡೂ ಅವರವೇ. ಸುದ್ದಿ ಮಾಡೋರೂ ಅವರೇ, ಮನಿಗೆ ಮುಟ್ಟಿಸೋರೂ ಅವರೇ.

ಕಾನೂನು ಇಲ್ವಾ ಅಂದ್ರ, ಇದ್ದದ್ದು ಸಾಲಂಗಿಲ್ಲ. ಪೇಪರ್‌ಗಳ ಮ್ಯಾಲಿನ ದೂರು ಕೇಳೋ ಪ್ರೆಸ್ ಕೌನ್ಸಿಲ್ ಛೀಮಾರಿ ಹಾಕಬಹುದು ಅಷ್ಟೇ, ದಂಡ ಹಾಕೋ ಪವರ್ ಇಲ್ಲ, ಟಿವಿ ಅಂತೂ ಅದರ ಕೈಗೇ ಬರಂಗಿಲ್ಲ. ಕಾಂಪಿಟೇಷನ್ ಕಮಿಷನ್ ನೋಡೋದು ಮಾರ್ಕೆಟ್ ಲೆಕ್ಕ, ಊರಾಗ ಎಷ್ಟು ಥರದ ದನಿ ಉಳಿದಾವು ಅನ್ನೋದು ಅದರ ಕೆಲಸ ಅಲ್ಲ. ಟೆಲಿಕಾಂ, ಟಿವಿ ಪ್ರಸಾರ ನೋಡ್ಕೊಳ್ಳೋ ಟ್ರಾಯ್ ಸಂಸ್ಥೆ 2014ರ ಆಗಸ್ಟ್‌ನಾಗೇ ಶಿಫಾರಸು ಕೊಟ್ಟಿತ್ತು, ಪೇಪರ್ರು ಟಿವಿ ಎರಡರಾಗೂ ಒಬ್ಬರದೇ ಹಿಡಿತ ಆಗಬಾರದು, ರಾಜಕೀಯ ಪಕ್ಷಗಳು ಚಾನೆಲ್ ನಡೆಸಬಾರದು, ಸ್ವತಂತ್ರ ರೆಗ್ಯುಲೇಟರ್ ಬೇಕು ಅಂತ. ಅದಿನ್ನೂ ಕಾನೂನು ಆಗಿಲ್ಲ.

ಕಂಟ್ರೋಲ್ ಸರ್ಕಾರದ ಕೈಗೆ ಕೊಡ್ರಿ ಅಂತ ಮಾತ್ರ ನಾ ಹೇಳಂಗಿಲ್ಲ, ಸರ್ಕಾರಾನೂ ದೊಡ್ಡ ಜಾಹೀರಾತುದಾರನೇ. ಕೊನೀ ಪಕ್ಷ ಒಂದು ಕೆಲಸ ಆಗ್ಲಿ, ಪೇಪರಿನ ಕೆಳಗ ಸಣ್ಣ ಅಕ್ಷರದಾಗ ಮುದ್ರಕರು, ಪ್ರಕಾಶಕರು ಅಂತ ಇರ್ತೈತಲ್ಲ, ಅಲ್ಲೇ ಖರೇ ಮಾಲೀಕರು ಯಾರು, ಅವರ ಬ್ಯಾರೆ ಕಂಪನಿ ಯಾವ್ಯಾವು ಅಂತ ದಪ್ಪ ಅಕ್ಷರದಾಗ ಹಾಕೋದು ಕಡ್ಡಾಯ ಮಾಡ್ಲಿ.