ಎರಡೂವರೆ ವರ್ಷದಲ್ಲಿ ಬರೀ 22 ಡೈವ್ ಆಗಿರೋ ರೆಗ್ಯುಲೇಟರನ್ನ ಸರ್ವಿಸ್‌ಗೆ ಕೊಡ್ಬೇಕಾ?

ನೀವು ಕೇಳಿರೋದು ಇಷ್ಟು: ಸ್ಕೂಬಾ ರೆಗ್ಯುಲೇಟರ್ (ನೀರೊಳಗೆ ಟ್ಯಾಂಕ್‌ನ ಗಾಳೀನ ಉಸಿರಾಡೋ ಹಾಗೆ ಬಾಯಿಗೆ ತಲುಪಿಸೋ ಸಾಧನ) ತಗೊಂಡು ಎರಡೂವರೆ ವರ್ಷ ಆಯ್ತು, ಅದ್ರಲ್ಲಿ ಮಾಡಿರೋದು 22 ಡೈವ್, ಉಸಿರಾಡೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಶಾಪ್‌ನವ್ರು ಟೈಮ್ ಮುಗಿದಿದೆ ಪೂರ್ತಿ ಬಿಚ್ಚಿ ಸರ್ವಿಸ್ ಮಾಡ್ಲೇಬೇಕು ಅಂತಿದಾರೆ, ಅಷ್ಟು ದುಡ್ಡು ಕೊಡೋ ಬದ್ಲು ಹೊಸದೇ ತಗೊಂಡ್ರೆ ಹೇಗೆ ಅಂತ.

ನಾನಾಗಿದ್ರೆ ಮೊದ್ಲು ಟೆಸ್ಟ್ ಮಾಡ್ತಿದ್ದೆ, ಬಿಚ್ಚೋ ಮಾತು ಆಮೇಲೆ. ಆದ್ರೆ ಒಂದು ಷರತ್ತು. ಟೆಸ್ಟ್ ಮಾಡೋಕೆ ಸೋಮಾರಿತನ ಇದ್ರೆ ಸುಮ್ನೆ ಮ್ಯಾನ್ಯುಯಲ್‌ನಲ್ಲಿ ಬರೆದಿರೋ ಟೈಮಿಗೆ ಕೊಟ್ಬಿಡಿ. ಕ್ಯಾಲೆಂಡರೂ ನೋಡಲ್ಲ, ಗೇಜೂ ನೋಡಲ್ಲ, "ಚೆನ್ನಾಗೇ ಇದೆ ಬಿಡಿ" ಅನ್ನೋರ ಜೊತೆ ನಾನು ನೀರಿಗಿಳಿಯಲ್ಲ.

ಯಾಕಂದ್ರೆ "ಚೆನ್ನಾಗಿ ಉಸಿರಾಡ್ತಿದೆ" ಅನ್ನೋದು ಸಾಕ್ಷಿನೇ ಅಲ್ಲ. ಟ್ಯಾಂಕ್‌ಗೆ ಸೇರೋ ಭಾಗ, ಅಂದ್ರೆ ಫಸ್ಟ್ ಸ್ಟೇಜ್, ಅದರ ಕೆಲಸ ಏನು, ಟ್ಯಾಂಕ್‌ನಲ್ಲಿರೋ 200 ಬಾರ್ ಪ್ರೆಶರನ್ನ ಸುತ್ತಲಿನ ನೀರಿನ ಪ್ರೆಶರ್‌ಗಿಂತ ಸುಮಾರು 9-10 ಬಾರ್ ಮಾತ್ರ ಜಾಸ್ತಿ ಇರೋ ಹಾಗೆ ಇಳಿಸಿ ಹೋಸ್‌ಗೆ ಕಳಿಸೋದು. ಇದನ್ನೇ ಇಂಟರ್ಮೀಡಿಯೇಟ್ ಪ್ರೆಶರ್, ಚಿಕ್ಕದಾಗಿ ಐಪಿ ಅನ್ನೋದು. ಒಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಸೀಟ್ ಇರತ್ತೆ, ಚೂಪಾದ ಲೋಹದ ಅಂಚು ಅದರ ಮೇಲೆ ಕೂತು ಗಾಳಿ ನಿಲ್ಲಿಸ್ಬೇಕು, ನೀವು ಒಂದೊಂದು ಸಲ ಉಸಿರು ಎಳೆದಾಗ್ಲೂ ಅದು ತೆರೆದು ಮುಚ್ಚತ್ತೆ, ಹಾಗಾಗಿ ವರ್ಷಗಟ್ಟಲೆ ಉಸಿರಾಟದಲ್ಲಿ ಆ ಸೀಟ್ ಮೇಲೆ ಗೀರು ಬಿದ್ದು ಸರಿಯಾಗಿ ಮುಚ್ಚದೆ ಪ್ರೆಶರ್ ನಿಧಾನಕ್ಕೆ ಏರೋಕೆ ಶುರುವಾಗತ್ತೆ. ಇದಕ್ಕೆ ಕ್ರೀಪ್ ಅಂತಾರೆ. ತಮಾಷೆ ಏನಂದ್ರೆ ಸಾಧಾರಣ ಸೆಕೆಂಡ್ ಸ್ಟೇಜ್‌ಗಳಲ್ಲಿ (ಬಾಯಲ್ಲಿ ಇಟ್ಕೊಳ್ಳೋ ಭಾಗ) ಐಪಿ ಏರಿದಷ್ಟೂ ಉಸಿರು ಇನ್ನೂ ಸಲೀಸಾಗಿ ಬರತ್ತೆ! ಸೀಟ್ ಕೈಕೊಡ್ತಿರೋ ರೆಗ್ಯುಲೇಟರೇ ನಿಮಗೆ "ವಾಹ್ ಎಷ್ಟು ಚೆನ್ನಾಗಿದೆ" ಅನಿಸ್ಬಹುದು. ಕೊನೆಗೆ ಒಂದು ದಿನ ಸೆಕೆಂಡ್ ಸ್ಟೇಜ್ ತಡೆಯೋಕಾಗದೆ ಗಾಳಿ ಬಿಟ್ಬಿಡತ್ತೆ, ಫ್ರೀ ಫ್ಲೋ. ಸಮಾಧಾನ ಅಂದ್ರೆ ಈ ಡಿಸೈನ್ ಕೆಟ್ರೆ ಸಾಮಾನ್ಯವಾಗಿ ಗಾಳಿ ನಿಲ್ಲಲ್ಲ, ಜಾಸ್ತಿ ಬರತ್ತೆ, ಆದ್ರೆ 30 ಮೀಟರ್ ಆಳದಲ್ಲಿ ಪೂರ್ತಿ ಫ್ರೀ ಫ್ಲೋ ಆದ್ರೆ ಟ್ಯಾಂಕ್ ಖಾಲಿ ಆಗೋಕೆ ಕೆಲವೇ ನಿಮಿಷ ಸಾಕು.

ಅದಕ್ಕೇ ಒಂದು ಐಪಿ ಗೇಜ್ ತಗೊಳ್ಳಿ. ಜಾಕೆಟ್‌ಗೆ ಗಾಳಿ ತುಂಬೋ ಇನ್ಫ್ಲೇಟರ್ ಹೋಸ್ ಇದೆಯಲ್ಲ, ಅದಕ್ಕೇ ಸಿಕ್ಕಿಸೋದು, ಸ್ಪ್ಯಾನರ್ ಸ್ಕ್ರೂಡ್ರೈವರ್ ಏನೂ ಬೇಡ. ಟ್ಯಾಂಕ್ ನಿಧಾನಕ್ಕೆ ತೆರೀರಿ, ಸೆಕೆಂಡ್ ಸ್ಟೇಜ್ ಮೇಲೆ ಗಾಳಿ ಬಿಡೋಕಿರೋ ಪರ್ಜ್ ಬಟನ್ ಹತ್ತು ಹದಿನೈದು ಸಲ ಒತ್ತಿ ಬಿಡಿ, ಮುಳ್ಳು ಎಲ್ಲಿ ನಿಲ್ಲತ್ತೆ ನೋಡಿ. ಹೆಚ್ಚಿನ ಮಾಡೆಲ್‌ಗಳಲ್ಲಿ 125ರಿಂದ 145 ಪಿಎಸ್ಐ (ಅಂದ್ರೆ ಸುಮಾರು 9-10 ಬಾರ್) ಮಧ್ಯ ಬರತ್ತೆ, ನಿಮ್ಮ ಮಾಡೆಲ್‌ಗೆ ಎಷ್ಟು ಅಂತ ಮ್ಯಾನ್ಯುಯಲ್ ನೋಡಿ. ಆ ನಂಬರ್‌ಗಿಂತ ಮುಖ್ಯವಾದದ್ದು ಮುಳ್ಳು ಟಕ್ ಅಂತ ನಿಂತು ಅಲ್ಲೇ ಇರತ್ತಾ ಅನ್ನೋದು. ಹತ್ತು ನಿಮಿಷ ಹಾಗೇ ಬಿಡಿ. ಇದ್ದಲ್ಲೇ ಇದ್ರೆ ಸೀಟ್ ಚೆನ್ನಾಗಿದೆ, ಇರುವೆ ತರ ಮೇಲೆ ಹತ್ತುತ್ತಾನೇ ಇದ್ರೆ ಸರ್ವಿಸ್‌ಗೆ ಕೊಡಿ, ಇನ್ನೇನೂ ಯೋಚ್ನೆ ಮಾಡ್ಬೇಡಿ. ಟ್ಯಾಂಕ್ ಫುಲ್ ಇದ್ದಾಗ ಒಂದ್ಸಲ, 50 ಬಾರ್ ಹತ್ರ ಇಳಿದಾಗ ಇನ್ನೊಂದ್ಸಲ ನೋಡಿದ್ರೆ ಒಳ್ಳೇದು. ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜ್ (ಟ್ಯಾಂಕ್ ಪ್ರೆಶರ್ ಇಳಿದ್ರೂ ಐಪಿ ಹೆಚ್ಚು ಬದಲಾಗದ ಡಿಸೈನ್) ಆದ್ರೆ ಎರಡೂ ಹತ್ರಹತ್ರ ಇರ್ಬೇಕು, ಅನ್‌ಬ್ಯಾಲೆನ್ಸ್ಡ್ ಪಿಸ್ಟನ್ ಮಾದರಿ ಆದ್ರೆ ಟ್ಯಾಂಕ್ ಖಾಲಿ ಆಗ್ತಾ ಐಪಿ ಇಳಿಯೋದು ಸಹಜ, ಅದನ್ನ ನೋಡಿ ಗಾಬರಿ ಬೀಳ್ಬೇಡಿ. ಇನ್ನೊಂದು, ಸೆಕೆಂಡ್ ಸ್ಟೇಜ್ ಬಿಚ್ಚಿಟ್ಟು ಬರೀ ಗೇಜ್ ಹಾಕಿ ಯಾವತ್ತೂ ಟ್ಯಾಂಕ್ ತೆರೀಬೇಡಿ, ಪ್ರೆಶರ್ ಏರಿದ್ರೆ ಹೊರಗೆ ಹೋಗೋಕಿರೋ ದಾರಿನೇ ಸೆಕೆಂಡ್ ಸ್ಟೇಜ್.

ಆಮೇಲೆ ಒಂದು ಬಕೆಟ್ ನೀರು. ಟ್ಯಾಂಕ್ ತೆರೆದಿರ್ಲಿ, ಸೆಕೆಂಡ್ ಸ್ಟೇಜ್‌ನ ಮೌತ್‌ಪೀಸ್ ಮೇಲೆ ಮಾಡಿ ನಿಧಾನಕ್ಕೆ ನೀರಿಗಿಳಿಸಿ, ಪರ್ಜ್ ಬಟನ್ ಇರೋ ಕಡೆ ಕೆಳಗೆ, ಮೌತ್‌ಪೀಸ್ ನೀರಿನ ಮೇಲೇ ಇರ್ಬೇಕು. ಒಳಗಿರೋ ತೆಳು ರಬ್ಬರ್ ಪೊರೆ, ಅಂದ್ರೆ ಡಯಾಫ್ರಮ್, ಮೂರು ಸೆಂಟಿಮೀಟರ್ ಆಸುಪಾಸು ಮುಳುಗಿದಾಗ ಸುಂಯ್ ಅಂತ ಗಾಳಿ ಶುರುವಾದ್ರೆ ಸರಿ ಇದೆ, ನೀರು ತಾಕಿದ ತಕ್ಷಣ ಶುರುವಾದ್ರೆ ತೀರಾ ಸಡಿಲ, ತುಂಬಾ ಆಳಕ್ಕೆ ಹೋದ್ರೂ ಸದ್ದಿಲ್ಲ ಅಂದ್ರೆ ಬಿಗಿ. ಟ್ಯಾಂಕಿಂದ ಕಳಚಿದ ಮೇಲೆ ಡಸ್ಟ್ ಕ್ಯಾಪ್ (ಫಸ್ಟ್ ಸ್ಟೇಜ್‌ನ ಗಾಳಿ ಒಳಬರೋ ಬಾಯಿಗೆ ಹಾಕೋ ಮುಚ್ಚಳ) ಹಾಕಿ ಮೌತ್‌ಪೀಸ್‌ನಿಂದ ಮೆಲ್ಲಗೆ ಎಳೆದು ನೋಡಿ, ಏನೂ ಬರ್ಬಾರ್ದು. ಬಂತು ಅಂದ್ರೆ ಬಿಟ್ಟ ಉಸಿರು ಹೊರಗೆ ಹೋಗೋ ಎಕ್ಸಾಸ್ಟ್ ವಾಲ್ವ್ ಮಡಚಿರತ್ತೆ ಇಲ್ಲ ಡಯಾಫ್ರಮ್ ಹರಿದಿರತ್ತೆ ಇಲ್ಲ ಮೌತ್‌ಪೀಸೇ ತೂತಾಗಿರತ್ತೆ. ಈ ಮೂರನೇದಕ್ಕೆ ಪೂರ್ತಿ ಸರ್ವಿಸ್ ಮಾಡಿಸ್ಕೊಂಡವ್ರನ್ನ ನಾನು ನೋಡಿದೀನಿ, ಪಾಪ. ಆಕ್ಟೋಪಸ್‌ಗೂ (ಹೆಚ್ಚುವರಿ ಸೆಕೆಂಡ್ ಸ್ಟೇಜ್) ಇದೆಲ್ಲ ಮಾಡಿ, ಯಾರೂ ಮಾಡಲ್ಲ, ಎಮರ್ಜೆನ್ಸಿಯಲ್ಲಿ ಬಾಯಿಗೆ ಹೋಗೋದು ಅದೇ.

ಮತ್ತೆ ಫಸ್ಟ್ ಸ್ಟೇಜ್ ಟ್ಯಾಂಕ್‌ಗೆ ಸೇರೋ ಜಾಗದಲ್ಲಿ ಒಂದು ಚಿಕ್ಕ ಲೋಹದ ಫಿಲ್ಟರ್ ಕಾಣತ್ತೆ. ಟಾರ್ಚ್ ಹಾಕಿ ನೋಡಿ. ಹಸಿರು ತಿರುಗಿದ್ರೆ ಉಪ್ಪುನೀರು ಒಳಗೆ ಹೋಗಿದೆ, ಅಂದ್ರೆ ಯಾರೋ ಡಸ್ಟ್ ಕ್ಯಾಪ್ ಹಾಕ್ದೆ ತೊಳೆದಿದಾರೆ ಅಥವಾ ತೊಳೆಯುವಾಗ ಪರ್ಜ್ ಒತ್ತಿದಾರೆ, ಆ ಯಾರೋ ಸಾಮಾನ್ಯವಾಗಿ ನಾವೇ. ಕೆಂಪು ಕಂದು ಇದ್ರೆ ಸ್ಟೀಲ್ ಟ್ಯಾಂಕ್‌ನ ತುಕ್ಕು. ಫಿಲ್ಟರ್ ಬಣ್ಣ ಕೆಟ್ಟಿದ್ರೆ ಐಪಿ ಎಷ್ಟೇ ಚೆನ್ನಾಗಿ ನಿಂತ್ರೂ ಬಿಚ್ಚಿಸ್ಬೇಕು, ಒಳಗೆ ಹಿತ್ತಾಳೆ ತಿನ್ನೋಕೆ ಶುರುವಾಗಿರ್ಬಹುದು, ಅದು ಗೇಜಲ್ಲಿ ಕಾಣೋ ಹೊತ್ತಿಗೆ ತಡ ಆಗಿರತ್ತೆ. ನಾನು ಡೈವ್ ಎಣಿಕೆಗಿಂತ ಇದನ್ನೇ ಜಾಸ್ತಿ ನಂಬೋದು. ನೂರು ಡೈವ್ ಆಗಿ ಪ್ರತಿ ಸಲ ಸಿಹಿನೀರಲ್ಲಿ ನೆನೆಸಿ ಒಣಗಿಸಿದ ರೆಗ್ಯುಲೇಟರ್‌ಗಿಂತ ಐದು ಡೈವ್ ಆಗಿ ಉಪ್ಪು ಸಮೇತ ಬ್ಯಾಗಲ್ಲಿ ಎರಡು ವರ್ಷ ಬಿದ್ದಿದ್ದದ್ದು ಕೆಟ್ಟ ಸ್ಥಿತಿಯಲ್ಲಿರತ್ತೆ.

ಹೋಸ್ ಮರೀಬೇಡಿ, ಲೋಹದ ತುದಿ ಹತ್ರ ಬಗ್ಗಿಸಿ ಬಿರುಕು ನೋಡಿ.

ಸುಮ್ನೆ ಇಟ್ರೆ ಸವೆಯಲ್ಲ ಅಂತ ನೀವಂದ್ಕೊಂಡಿರೋದು ಅರ್ಧ ನಿಜ. ಫಸ್ಟ್ ಸ್ಟೇಜ್ ಪ್ರೆಶರ್ ಇಲ್ದಾಗ ತೆರೆದೇ ಇರತ್ತೆ, ಸೀಟ್‌ಗೆ ಏನೂ ತಾಗಿರಲ್ಲ. ಸೆಕೆಂಡ್ ಸ್ಟೇಜ್ ಹಾಗಲ್ಲ, ಸ್ಪ್ರಿಂಗ್ ಹಗಲು ರಾತ್ರಿ ಸೀಟನ್ನ ಅಂಚಿಗೆ ಒತ್ತಿ ಹಿಡಿದಿರತ್ತೆ, ಬೀರುವಿನಲ್ಲಿ ಮಲಗಿದ್ರೂ ಗೀರು ಬೀಳ್ತಾ ಇರತ್ತೆ. ಅಟಾಮಿಕ್ ಕಂಪನಿಯವ್ರು ಪ್ರೆಶರ್ ಇಲ್ದಾಗ ಅಂಚು ಹಿಂದೆ ಸರಿಯೋ ಹಾಗೆ ಮಾಡಿ ಇದಕ್ಕೊಂದು ಉಪಾಯ ಕಂಡ್ಕೊಂಡ್ರು, ಮಿಕ್ಕ ಬಹಳಷ್ಟರಲ್ಲಿ ಆ ಸೌಲಭ್ಯ ಇಲ್ಲ. ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಉಂಗುರಗಳು, ಅಂದ್ರೆ ಓ-ರಿಂಗ್‌ಗಳೂ ಕಾಲಕ್ಕೆ ಚಪ್ಪಟೆ ಆಗತ್ವೆ. ಹಾಗಾಗಿ 22 ಡೈವ್ ಅಂತ ಹತ್ತು ವರ್ಷ ತಳ್ಳೋಕಾಗಲ್ಲ. ಎಲ್ಲ ಟೆಸ್ಟ್ ಪಾಸಾದ್ರೆ ನಾನು ಪ್ರತಿ ಟ್ರಿಪ್‌ಗೆ ಮುಂಚೆ ಮತ್ತೆ ಟೆಸ್ಟ್ ಮಾಡ್ತಾ ಇನ್ನೊಂದು ವರ್ಷ ನೋಡ್ತಿದ್ದೆ. ಆದ್ರೆ ವಾರಂಟಿ ಪೇಪರ್ ಓದಿ, ಕೆಲವು ಕಂಪನಿಗಳು ಟೈಮಿಗೆ ಸರ್ವಿಸ್ ಮಾಡಿಸಿದ ರಸೀದಿ ಇದ್ರೆ ಮಾತ್ರ ಪಾರ್ಟ್ಸ್ ಫ್ರೀ ಕೊಡ್ತವೆ, ಆ ಲೆಕ್ಕ ಬೇರೆ.

ಬಿಚ್ಚೋಕೆ ಯಾಕಿಷ್ಟು ಹಿಂದೇಟು ಅಂದ್ರೆ ಒಂದ್ಸಲ ಪೆಟ್ಟು ತಿಂದಿದೀನಿ. ನಂದು ಚೆನ್ನಾಗೇ ಇತ್ತು, ವರ್ಷ ಆಯ್ತಲ್ಲ ಅಂತ ಟ್ರಿಪ್‌ಗೆ ಎರಡು ದಿನ ಮುಂಚೆ ಸರ್ವಿಸ್ ಮಾಡಿಸ್ದೆ. ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ ಹಾಗೆ. ಮೊದಲ್ನೇ ಡೈವಲ್ಲೇ 15 ಮೀಟರ್‌ನಲ್ಲಿ ಬಾಯಿಂದ ತೆಗೆಯದೇನೇ ಗುಳುಗುಳು ಅಂತ ಗಾಳಿ ಸೋರೋಕೆ ಶುರು, ನೋಡ್ತಾ ನೋಡ್ತಾ ಜಾಸ್ತಿ ಆಯ್ತು, ಜೊತೆಗಿದ್ದವ್ರಿಗೆ ಸನ್ನೆ ಮಾಡಿ ಮೇಲೆ ಬಂದೆ. ಹೊಸ ಸೀಟ್ ಕೂತ್ಕೊಳ್ಳೋಕೆ ಸ್ವಲ್ಪ ಸಮಯ ಬೇಕು, ಕೂತ ಮೇಲೆ ಅಡ್ಜಸ್ಟ್‌ಮೆಂಟ್ ಕೂದಲೆಳೆಯಷ್ಟು ತಪ್ಪಿತ್ತು, ಅಷ್ಟೇ. ಐದು ನಿಮಿಷದ ಕೆಲಸಕ್ಕೆ ನನ್ನ ಒಂದಿಡೀ ದಿನದ ಡೈವ್ ಹೋಯ್ತು. ಈಗ ಸರ್ವಿಸ್ ಆದ್ಮೇಲೆ ಮೊದ್ಲು ಕೊಳದಲ್ಲೋ ಕಡಿಮೆ ಆಳದಲ್ಲೋ ಒಂದೆರಡು ಸಲ ಬಳಸ್ದೆ ಟ್ರಿಪ್‌ಗೆ ಒಯ್ಯಲ್ಲ.

ಇನ್ನು ಹೊಸದು ತಗೊಳ್ಳೋ ವಿಷ್ಯ. ಲೆಕ್ಕ ಹಾಕುವಾಗ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್, ಆಕ್ಟೋಪಸ್ ಮೂರಕ್ಕೂ ಲೇಬರ್ ಮತ್ತು ಕಿಟ್ (ಬದಲಾಯಿಸೋ ಬಿಡಿಭಾಗಗಳ ಸೆಟ್) ಸೇರಿಸಿ ಕೇಳಿ, ಕೆಲವ್ರು ಒಂದರ ರೇಟ್ ಹೇಳಿ ಮೂರರ ಬಿಲ್ ಮಾಡ್ತಾರೆ. ಅತಿ ಸಾಧಾರಣ ಮಾಡೆಲ್ ಆದ್ರೆ ಎರಡು ಸರ್ವಿಸ್‌ನ ದುಡ್ಡಲ್ಲಿ ಹೊಸದು ಬರೋ ಸಂದರ್ಭ ಇದೆ, ಮೂಗಿಗಿಂತ ಮೂಗುತಿ ಭಾರ ಆದ್ರೆ ಬಿಟ್ಬಿಡಿ. ಆದ್ರೂ ಹೊಸದಕ್ಕೂ ಇದೇ ಖರ್ಚು ಮತ್ತೆ ಬರತ್ತೆ ಅನ್ನೋದು ಮನಸ್ಸಲ್ಲಿರ್ಲಿ. ಬ್ಯಾಲೆನ್ಸ್ಡ್ ಇದ್ದು ಪಾರ್ಟ್ಸ್ ಸಿಗ್ತಿದ್ರೆ ಹಳೇದು ಅಂತ ಎಸೀಬೇಡಿ, ಸ್ಕೂಬಾಪ್ರೋ ಎಂಕೆ5 ತರದ ಹಳೇ ಕಾಲದ ಪಿಸ್ಟನ್ ಫಸ್ಟ್ ಸ್ಟೇಜ್‌ಗಳನ್ನ ಇವತ್ತಿಗೂ ಓ-ರಿಂಗ್ ಬದಲಾಯಿಸಿ ಬಳಸೋರಿದಾರೆ. ಕಿಟ್ ಬರೋದೇ ನಿಂತಿದ್ರೆ, ಅಥವಾ ಓ-ರಿಂಗ್ ಕೂರೋ ಜಾಗದಲ್ಲೇ ಕ್ರೋಮ್ ಎದ್ದು ಗುಳಿ ಬಿದ್ದಿದ್ರೆ ಮಾತ್ರ ನಾನು ಕೈ ಬಿಡೋದು, ಆ ಗುಳಿ ಯಾವ ಸರ್ವಿಸ್‌ನಲ್ಲೂ ಮುಚ್ಚಲ್ಲ.

ಕೊಡೋದೇ ಅಂತಾದ್ರೆ ಟ್ರಿಪ್‌ಗೆ ಒಂದು ತಿಂಗಳು ಮುಂಚೆ ಕೊಡಿ, ಕೊಡೋ ಮುಂಚೆ ಐಪಿ ಎಷ್ಟಿತ್ತು ಬರೆದಿಟ್ಕೊಳ್ಳಿ, ವಾಪಸ್ ಬಂದಾಗ ಮತ್ತೆ ನೋಡಿ. ಮತ್ತೆ ಹಳೇ ಸೀಟ್, ಓ-ರಿಂಗ್ ಎಲ್ಲ ಒಂದು ಕವರಲ್ಲಿ ಹಾಕಿಕೊಡಿ ಅಂತ ಮುಂಚೇನೇ ಹೇಳಿ, ಒಳ್ಳೆ ಟೆಕ್ನಿಷಿಯನ್ ಆದ್ರೆ ಕೊಡಲ್ಲ ಅನ್ನಲ್ಲ. ಭೂತಗನ್ನಡಿಯಲ್ಲಿ ಆ ಸೀಟ್ ನೋಡಿ. ತೆಳ್ಳಗೆ ಒಂದೇ ಸಮ ಉಂಗುರದ ಗುರುತು ಇದ್ರೆ ಇನ್ನೂ ಸ್ವಲ್ಪ ದಿನ ಓಡ್ತಿತ್ತು, ಒಂದು ಕಡೆ ಆಳವಾಗಿ ಕೊರೆದಿದ್ರೆ ಅಥವಾ ಅಂಚು ಕಿತ್ತಿದ್ರೆ ಸರಿಯಾದ ಟೈಮಿಗೇ ಕೊಟ್ಟಿದೀರಿ. ಮುಂದಿನ ಸಲ ಎಷ್ಟು ತಿಂಗಳಿಗೆ ಕೊಡ್ಬೇಕು ಅಂತ ನನ್ನನ್ನ ಕೇಳೋ ಬದ್ಲು ಆ ಸೀಟನ್ನೇ ಕೇಳ್ಬಹುದು.