ಓಡಲು ಶುರು ಮಾಡಿದ ಮೇಲೆ ಹಿಮೋಗ್ಲೋಬಿನ್ ಇಳಿದಿದೆ, ಟಾನಿಕ್ ಬೇಕಾ?

ಪ್ರಶ್ನೆ: ನನಗೆ 24 ವರ್ಷ, ಊರು ಮೈಸೂರು. ಆರು ತಿಂಗಳಿಂದ ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆಸಿದ್ದೇನೆ. ಮೊದಲು ಹಿಮೋಗ್ಲೋಬಿನ್ 15.1 ಇತ್ತು. ಕಳೆದ ಭಾನುವಾರ ಬೆಳಿಗ್ಗೆ 18 ಕಿ.ಮೀ. ಓಡಿ, ಮಧ್ಯಾಹ್ನ ರಕ್ತ ಕೊಟ್ಟೆ. 13.8 ಬಂದಿದೆ. ಬಿಳಿ ರಕ್ತಕಣ 13,400, ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ ಎಂಬ ಕಿಣ್ವ ಕೂಡ ಜಾಸ್ತಿ. ಸುಸ್ತೇನೂ ಇಲ್ಲ, ಮೊದಲಿಗಿಂತ ವೇಗವಾಗಿ ಓಡುತ್ತಿದ್ದೇನೆ. ಅಮ್ಮ ಮಾತ್ರ ‘ಓಡಿ ಓಡಿ ರಕ್ತ ಸುಟ್ಟುಕೊಂಡೆ’ ಅಂತ ಐರನ್ ಟಾನಿಕ್ ತಂದಿಟ್ಟಿದ್ದಾರೆ. ಕುಡಿಯಲೇ?

ಉತ್ತರ: ಸದ್ಯಕ್ಕೆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಮನೆಗೆ ನಾಲ್ಕು ಜನ ನೆಂಟರು ಬಂದರೆ ಸಾರಿಗೆ ಎರಡು ಲೋಟ ನೀರು ಬೀಳುತ್ತದೆ, ಅಲ್ವಾ? ಬೇಳೆ ಅಷ್ಟೇ ಇರುತ್ತದೆ, ಸಾರು ತೆಳ್ಳಗಾಗುತ್ತದೆ. ನಿಮ್ಮ ರಕ್ತದಲ್ಲಿ ಬಹುಶಃ ಆಗಿರುವುದೂ ಅದೇ. ದಿನವೂ ಬೆವರು ಸುರಿಸಿ ಓಡುವವರ ಮೂತ್ರಪಿಂಡ ಉಪ್ಪು, ನೀರನ್ನು ಹಿಡಿದಿಡಲು ಕಲಿಯುತ್ತದೆ. ರಕ್ತದ ದ್ರವ ಭಾಗ, ಅಂದರೆ ಪ್ಲಾಸ್ಮಾ, ಕೆಲವೇ ದಿನಗಳಲ್ಲಿ ಶೇ 10ರಿಂದ 20ರಷ್ಟು ಹೆಚ್ಚಬಹುದು. ಕೆಂಪು ಕಣ ಹೆಚ್ಚಲು ವಾರಗಳು, ತಿಂಗಳುಗಳೇ ಬೇಕು. ಲ್ಯಾಬ್ ಅಳೆಯುವುದು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಹಿಮೋಗ್ಲೋಬಿನ್ ಇದೆ ಎಂದು. ಮೈಯಲ್ಲಿ ಒಟ್ಟು ಎಷ್ಟಿದೆ ಎಂದಲ್ಲ. ತೆಳ್ಳಗಾದ ರಕ್ತದಿಂದ ಲಾಭವೂ ಇದೆ: ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, ಮೈ ಬೇಗ ತಣಿಯುತ್ತದೆ. ನೀವು ವೇಗವಾಗಿ ಓಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಅಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ. ಅಂಗಾಲು ನೆಲಕ್ಕೆ ಬಡಿದಾಗಲೆಲ್ಲ ಅಲ್ಲಿಯ ಸಣ್ಣ ರಕ್ತನಾಳಗಳಲ್ಲಿ ಒಂದಿಷ್ಟು ಕೆಂಪು ಕಣ ಒಡೆಯುತ್ತವೆ. 1881ರಲ್ಲೇ ಜರ್ಮನಿಯ ವೈದ್ಯ ಫ್ಲೈಷರ್, ದೂರ ನಡೆದ ಸೈನಿಕನೊಬ್ಬನ ಮೂತ್ರ ಕಪ್ಪಾಗಿದ್ದನ್ನು ದಾಖಲಿಸಿದ್ದರು. ಈಜುಗಾರರಲ್ಲೂ ಸ್ವಲ್ಪ ಕಣ ಒಡೆಯುತ್ತವೆ, ಹಾಗಾಗಿ ತಪ್ಪೆಲ್ಲ ಪಾದದ್ದಲ್ಲ. ಒಡೆದ ಕಣದ ಕಬ್ಬಿಣವನ್ನು ದೇಹ ಬಹುಪಾಲು ಮತ್ತೆ ಬಳಸಿಕೊಳ್ಳುತ್ತದೆ.

ಇನ್ನು ಬಿಳಿ ರಕ್ತಕಣ. ಅದು ಸೋಂಕಿನ ಲಕ್ಷಣವೇ ಆಗಬೇಕಿಲ್ಲ. ದೂರದ ಓಟದ ಬಳಿಕ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಕಣಗಳು ಹರಿವಿಗೆ ಇಳಿಯುತ್ತವೆ, ಅಸ್ಥಿಮಜ್ಜೆಯಿಂದಲೂ ಹೊಸದಾಗಿ ಬರುತ್ತವೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಎಸ್‌ಜಿಒಟಿ ಲಿವರ್‌ನಲ್ಲಿ ಮಾತ್ರವಲ್ಲ, ಸ್ನಾಯುವಿನಲ್ಲೂ ಇದೆ; ದೂರ ಓಡಿದಾಗ ಅಲ್ಲಿಂದ ರಕ್ತಕ್ಕೆ ಸೋರುತ್ತದೆ. ಓಡಿದ ದಿನ ಈ ಪರೀಕ್ಷೆ ಮಾಡಿಸಿ, ಸುಮ್ನೆ ಲಿವರ್ ಸ್ಕ್ಯಾನ್‌ವರೆಗೆ ಹೋದ ಹುಡುಗರನ್ನು ನೋಡಿದ್ದೇನೆ.

ಹಾಗಾಗಿ ನಾಲ್ಕೈದು ದಿನ ಓಟ ನಿಲ್ಲಿಸಿ, ಬೆಳಿಗ್ಗೆ ಮತ್ತೆ ರಕ್ತ ಕೊಡಿ. ಬೆವರಿ ನೀರು ಕುಡಿಯದೆ ಪರೀಕ್ಷೆಗೆ ಕೂತರೆ ಹಿಮೋಗ್ಲೋಬಿನ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ದೂರ ಓಡಿದ ಮುಂದಿನ ಒಂದೆರಡು ದಿನ ಸುಳ್ಳೇ ಕಡಿಮೆ. ಜೊತೆಗೆ ಫೆರಿಟಿನ್ ಮಾಡಿಸಿ. ದೇಹದ ಕಬ್ಬಿಣದ ಉಗ್ರಾಣದಲ್ಲಿ ಎಷ್ಟು ದಾಸ್ತಾನಿದೆ ಎಂದು ಹೇಳುವುದು ಅದೇ. 30ಕ್ಕಿಂತ ಕಡಿಮೆ ಇದ್ದರೆ, ಅಥವಾ ಹಿಮೋಗ್ಲೋಬಿನ್ 13ರ ಕೆಳಗೆ ಬಂದರೆ ವೈದ್ಯರನ್ನು ನೋಡಿ. ಹೆಂಗಸರಿಗೆ ಹಿಮೋಗ್ಲೋಬಿನ್ ಗಡಿ 12. ಮುಟ್ಟಿನಲ್ಲೂ ಕಬ್ಬಿಣ ಹೋಗುವುದರಿಂದ, ಓಡುವ ಹುಡುಗಿಯರಲ್ಲಿ ನಿಜವಾದ ಕೊರತೆಯೇ ಹೆಚ್ಚು ಕಾಣುತ್ತದೆ. ಅವರಿಗೆ ‘ಸಾರು ತೆಳ್ಳಗಾಗಿದೆ ಅಷ್ಟೆ’ ಎಂದು ಪರೀಕ್ಷೆ ಮಾಡದೆ ಹೇಳಬಾರದು.

ಕೊರತೆ ಇಲ್ಲದೆ ಟಾನಿಕ್ ಯಾಕೆ ಬೇಡ ಅಂದರೆ, ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕೆ ಗೊತ್ತಿಲ್ಲ. ಊಟದಲ್ಲೇ ನೋಡಿಕೊಳ್ಳಿ. ಹುರುಳಿ, ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಓಡಿ ಮೂರರಿಂದ ಆರು ಗಂಟೆಯಾದಾಗ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಕರುಳು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಓಡಿ ಬಂದ ಕೂಡಲೇ ತಿಂಡಿ ತಿಂದರೆ ಒಳ್ಳೆಯದು. ಕಾಫಿಯೂ ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ. ಆದರೂ ಫಿಲ್ಟರ್ ಕಾಫಿ ಬಿಡಿ ಎನ್ನಲಾರೆ, ಮೈಸೂರಿನವರಿಗೆ ಹೇಳಿ ಪ್ರಯೋಜನವೂ ಇಲ್ಲ. ತಿಂಡಿಗೂ ಕಾಫಿಗೂ ಒಂದು ಗಂಟೆ ಅಂತರ ಇರಲಿ ಸಾಕು.

ಓಡುವ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಬಿಡಿ, ಕರುಳಿನಲ್ಲಿ ರಕ್ತ ಒಸರಬಹುದು. ಮಲ ಕಪ್ಪಾದರೆ ತಡಮಾಡದೆ ತೋರಿಸಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ತೊಡೆ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.