ತಿದ್ದಿದರೂ ಮರಳಿ ಬರುವ ತಪ್ಪು

ಪ್ರಶ್ನೆ: ಲಿನಕ್ಸ್ ಕರ್ನಲ್‌ನ (ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಎಪಿಐ ದಾಖಲೆಯಲ್ಲಿ, ಅಂದರೆ ಅದರ ಫಂಕ್ಷನ್‌ಗಳನ್ನು ಬಳಸುವ ಬಗೆ ಹೇಳುವ ದಾಖಲೆಯಲ್ಲಿ, ಒಂದು ಪ್ಯಾರಾಮೀಟರ್ ಹೆಸರು ತಪ್ಪಿದೆ. ಎಚ್‌ಟಿಎಂಎಲ್ ಫೈಲ್ ತಿದ್ದಿದರೂ ಮರುಬಿಲ್ಡ್‌ನಲ್ಲಿ ಹಳೇ ತಪ್ಪೇ ಬರುತ್ತದೆ. ಏಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಎಚ್‌ಟಿಎಂಎಲ್ ಮುಟ್ಟಲೇಬೇಡಿ, ಅದು ಬಿಲ್ಡ್ ಮಾಡಿದಾಗ ಹೊಸದಾಗಿ ತಯಾರಾಗುತ್ತದೆ. ತಿದ್ದಬೇಕಾದದ್ದು ಸಿ ಫೈಲಿನಲ್ಲಿ ಫಂಕ್ಷನ್‌ನ ಮೇಲಿರುವ ಕಾಮೆಂಟನ್ನು. ಅದು ಸ್ಲ್ಯಾಶ್ ಮತ್ತು ಎರಡು ನಕ್ಷತ್ರದಿಂದ (/**) ಶುರುವಾದರೆ ಮಾತ್ರ ಕರ್ನಲ್-ಡಾಕ್ (ಕಾಮೆಂಟುಗಳಿಂದ ದಾಖಲೆ ತಯಾರಿಸುವ ಸಾಧನ) ಓದುತ್ತದೆ; ಒಂದೇ ನಕ್ಷತ್ರವಿದ್ದರೆ ಸುಮ್ಮನೆ ದಾಟಿಹೋಗುತ್ತದೆ. ಒಳಗೆ ಪ್ರತಿ ಪ್ಯಾರಾಮೀಟರಿಗೂ @ ಚಿಹ್ನೆ, ಹೆಸರು, ಕೋಲನ್, ವಿವರಣೆ. ಬಹುಪಾಲು ಆಗುವುದಿಷ್ಟೇ: ಕೋಡಿನಲ್ಲಿ ಯಾರೋ ‘ಲೆನ್’ ತೆಗೆದು ‘ಸೈಜ್’ ಹಾಕಿರುತ್ತಾರೆ, ಕಾಮೆಂಟಿನ ಕಡೆ ತಿರುಗಿಯೂ ನೋಡಿರುವುದಿಲ್ಲ. ತಿದ್ದಿದ ಮೇಲೆ ಹೆಚ್ಚುವರಿ ಎಚ್ಚರಿಕೆಗಳನ್ನು ತೋರಿಸುವ ಡಬ್ಲ್ಯು=1 (W=1) ಆಯ್ಕೆ ಕೊಟ್ಟು ಮೇಕ್ (ಬಿಲ್ಡ್ ಆದೇಶ) ಮಾಡಿ; ‘ನಾಟ್ ಡಿಸ್ಕ್ರೈಬ್ಡ್’ (ವಿವರಣೆ ಇಲ್ಲ) ಎಂಬ ಎಚ್ಚರಿಕೆ ಹೋಗಿರಬೇಕು. ಎಚ್‌ಟಿಎಂಎಲ್ ದಾಖಲೆ ತಯಾರಿಸುವ ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’ ಆದೇಶ ಬಹಳ ನಿಧಾನ, ಅದನ್ನು ಕೊನೆಗೆ ಓಡಿಸಿ. ಪ್ಯಾಚ್ (ನಿಮ್ಮ ತಿದ್ದುಪಡಿ) ಕಳಿಸುವಾಗ ನಿಮ್ಮ ಹೆಸರು, ಇಮೇಲ್ ಇರುವ ಸೈನ್ಡ್-ಆಫ್-ಬೈ ಸಾಲು ಇರಲಿ.